ಯಾವ ದೇಶಕ್ಕೆ ಎಷ್ಟು ದೈವಭಕ್ತಿ? ಸಮೀಕ್ಷಾ ತಜ್ಞೆಯೊಂದಿಗೆ ಪ್ರಶ್ನೋತ್ತರ

ಮೋಹನ: ಮೇಡಂ, ಜಗತ್ತಿನಲ್ಲಿ ಅತ್ಯಂತ ಧಾರ್ಮಿಕವಾದ ದೇಶ ಯಾವುದು?

ವಸುಧಾ (ಸಮೀಕ್ಷಾ ಸಂಖ್ಯಾಶಾಸ್ತ್ರ): ಯಾವ ಪ್ರಶ್ನೆ ಕೇಳಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ನಿತ್ಯಜೀವನದಲ್ಲಿ ಧರ್ಮ ಮುಖ್ಯವೇ ಎಂದು ಗ್ಯಾಲಪ್ ಸಂಸ್ಥೆ 2009ರಲ್ಲಿ ಕೇಳಿದಾಗ ಬಾಂಗ್ಲಾದೇಶದಲ್ಲಿ ಶೇ. 99ಕ್ಕೂ ಹೆಚ್ಚು, ಎಸ್ಟೋನಿಯಾದಲ್ಲಿ ಶೇ. 16 ಮಂದಿ ಹೌದೆಂದರು.

ಶಾರದಾ: ಅಭಿಪ್ರಾಯದ ಮಾತು ಬಿಟ್ಟು, ಪ್ರತಿ ವಾರ ಚರ್ಚಿಗೆ ಹೋಗುವವರ ಪ್ರಮಾಣವನ್ನು ಹೋಲಿಸಿದರೆ ಸಾಲದೇ ಮೇಡಂ? ಅದು ಕಣ್ಣಿಗೆ ಕಾಣುವಂಥದ್ದು.

ವಸುಧಾ: ಕಾಣುವುದು ನಿಜ, ಆದರೆ ಸಮೀಕ್ಷೆಯವರು ಹೋಗಿ ನೋಡುವುದಿಲ್ಲ, ಕೇಳಿ ಬರೆದುಕೊಳ್ಳುತ್ತಾರೆ. ನನ್ನನ್ನು ಬಹಳವಾಗಿ ಕಾಡುವ ಸಂಗತಿ ಇದೇ. ಅಮೆರಿಕದ ಓಹಾಯೊ ರಾಜ್ಯದ ಆಷ್ಟಬ್ಯುಲಾ ಕೌಂಟಿಯಲ್ಲಿ ಹ್ಯಾಡವೇ, ಮಾರ್ಲರ್, ಚೇವ್ಸ್ ಎಂಬ ಸಂಶೋಧಕರು ರಸ್ತೆ ರಸ್ತೆ ಸುತ್ತಿ ಪಟ್ಟಿಯಲ್ಲಿಲ್ಲದ ಚರ್ಚುಗಳನ್ನೂ ಹುಡುಕಿದರು. ಹಾಜರಿ ಲೆಕ್ಕ ಸಿಗದ ಕಡೆ, ಪ್ರಾರ್ಥನೆಯ ಹೊತ್ತಿನಲ್ಲಿ ಹೊರಗೆ ನಿಂತಿದ್ದ ಕಾರುಗಳನ್ನು ಎಣಿಸಿ ಅಂದಾಜು ಮಾಡಿದರು. 1993ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಪ್ರೊಟೆಸ್ಟೆಂಟರಲ್ಲಿ ಶೇ. 36ರಷ್ಟು ಮಂದಿ ಆ ವಾರ ಹೋಗಿದ್ದೆವು ಎಂದರೆ, ನಿಜವಾಗಿ ಬಂದವರು ಶೇ. 20ರಷ್ಟು. ಈ ಉತ್ಪ್ರೇಕ್ಷೆ ಎಲ್ಲ ದೇಶಗಳಲ್ಲೂ ಒಂದೇ ಅಳತೆಯಲ್ಲಿದ್ದಿದ್ದರೆ ಹೋಲಿಕೆಗೆ ಅಡ್ಡಿಯಿರಲಿಲ್ಲ. ಆದರೆ ಧರ್ಮದ ಮಾತೆತ್ತದೆ ಜನರಿಂದ ಇಡೀ ದಿನದ ಕೆಲಸಗಳನ್ನು ಬರೆಸಿಕೊಂಡ ದಿನಚರಿಗಳೊಂದಿಗೆ ಸಮೀಕ್ಷೆಯ ಉತ್ತರಗಳನ್ನು ಸಂಶೋಧಕ ಫಿಲಿಪ್ ಬ್ರೆನರ್ 2011ರಲ್ಲಿ ತಾಳೆ ನೋಡಿದಾಗ, ಅಮೆರಿಕ ಮತ್ತು ಕೆನಡಾಗಳಲ್ಲಿ ಅಂತರ ದೊಡ್ಡದಾಗಿಯೂ ಯುರೋಪಿನ ದೇಶಗಳಲ್ಲಿ ಬಹುಮಟ್ಟಿಗೆ ಸಣ್ಣದಾಗಿಯೂ ಕಂಡಿತು. ಅಮೆರಿಕನ್ನರು ಯುರೋಪಿನವರಿಗಿಂತ ಎಷ್ಟೋ ಧಾರ್ಮಿಕರು ಎಂಬ ಮಾತಿನಲ್ಲಿ ಒಂದು ಪಾಲು ಹೀಗೆ ಹುಟ್ಟಿದ್ದು.

ಗಿರೀಶ: ಭಾರತಕ್ಕೆ ಪ್ರಥಮ ಸ್ಥಾನವಿರುವ ಈ ಪಟ್ಟಿಯ ಚಿತ್ರ ಎಲ್ಲ ಆನ್‌ಲೈನ್ ಗುಂಪುಗಳಲ್ಲೂ ಬಂದಿದೆ, ನೋಡಿ.

ವಸುಧಾ: ಪ್ರಶ್ನೆ, ವರ್ಷ, ಉತ್ತರಿಸಿದವರ ಸಂಖ್ಯೆ ಯಾವುದೂ ಇಲ್ಲದ ಚಿತ್ರವನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಪ್ಯೂ ಸಂಸ್ಥೆ 2019–20ರಲ್ಲಿ ಸುಮಾರು 30,000 ಭಾರತೀಯರನ್ನು 17 ಭಾಷೆಗಳಲ್ಲಿ ಮಾತನಾಡಿಸಿದಾಗ ದೇವರನ್ನು ನಂಬುತ್ತೇವೆ ಎಂದವರು ಶೇ. 97, ನಿತ್ಯ ಪ್ರಾರ್ಥಿಸುತ್ತೇವೆ ಎಂದವರು ಶೇ. 60. ಇವೆರಡರಲ್ಲಿ ಯಾವುದಕ್ಕೆ ಸ್ಥಾನ ಕೊಡುತ್ತೀರಿ?

ನಾಗವೇಣಿ: ಚೀನಾದಂಥ ಕಡೆ ಉತ್ತರಿಸುವವರ ಅಂಜಿಕೆಯನ್ನು ಹೇಗೆ ಲೆಕ್ಕಕ್ಕೆ ಹಿಡಿಯುತ್ತಾರೆ?

ಮೋಹನ: ಜಪಾನಿನವರು ನಾಸ್ತಿಕರಲ್ಲವೇ?

ಶಾರದಾ: ಅಲ್ಲಿನ ಸರ್ಕಾರದ ವಾರ್ಷಿಕ ಅಂಕಿ ಅಂಶಗಳಲ್ಲಿ ಧರ್ಮಾನುಯಾಯಿಗಳ ಒಟ್ಟು ಸಂಖ್ಯೆ ಜನಸಂಖ್ಯೆಯನ್ನೇ ಮೀರುತ್ತದೆ. ಒಬ್ಬನೇ ವ್ಯಕ್ತಿಯನ್ನು ಜಪಾನಿನ ಸ್ವಂತ ಧರ್ಮವಾದ ಶಿಂಟೊದ ಮಂದಿರವೂ ಬೌದ್ಧ ದೇಗುಲವೂ ಎಣಿಸಿಕೊಳ್ಳುತ್ತವೆ.

ಗಿರೀಶ: ಹಾಗಿದ್ದರೆ ಆ ಲೆಕ್ಕವೇ ಬೊಗಳೆ.

ಶಾರದಾ: ಯಾರನ್ನು ಎಣಿಸಿದ್ದಾರೆಂದು ಅದರಲ್ಲಿ ಹೇಳಿದ್ದಾರೆ. ನಿಮ್ಮ ಪಟ್ಟಿಯಲ್ಲಿ ಅದೂ ಇಲ್ಲ.

ಗಿರೀಶ: ದೇಶಕ್ಕೆ ಗೌರವ ಬಂದರೆ ಕೆಲವರಿಗೆ ಸಹಿಸಲಾಗದು.

ಶಾರದಾ: ಅಂಕಿ ಕೇಳಿದರೆ ದೇಶದ್ರೋಹವೇ?

ಹರೀಶ: ಒಟ್ಟಾರೆ ಮೊದಲನೆಯ ದೇಶ ಯಾವುದು, ಮೇಡಂ?

ವಸುಧಾ: ಮೋಹನ ಅವರಿಗೆ ಕೊಟ್ಟ ಉತ್ತರ ಓದಿ. ಗಿರೀಶ ಅವರೇ, ಆ ಚಿತ್ರವನ್ನು ತೆಗೆಯಿರಿ.

ಗಿರೀಶ: ತೆಗೆಯುವುದಿಲ್ಲ.