ಬೆಂಗಳೂರಿನ ಒಂದೊಂದು ಬಡಾವಣೆಗೆ ಒಂದೊಂದು ಬಗೆಯ ಮಳೆ ಏಕೆ?

ಪ್ರಶ್ನೆ (ಕೆಂಗೇರಿಯಿಂದ):
ನಾನು ಕೆಲಸಕ್ಕಾಗಿ ದಿನವೂ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗಿಬರುತ್ತೇನೆ. ಏಪ್ರಿಲ್, ಮೇ ತಿಂಗಳ ಎಷ್ಟೋ ಸಂಜೆ ಅಲ್ಲಿ ರಸ್ತೆಯೇ ಹೊಳೆಯಾಗುವಂತೆ ಸುರಿದಿದ್ದರೂ, ನಮ್ಮ ಮನೆಯಂಗಳದ ಧೂಳು ಸಹ ಅಡಗಿರುವುದಿಲ್ಲ. ಮರುದಿನ ಇಡೀ ನಗರಕ್ಕೆ ಒಂದೇ ಅಂಕಿಯನ್ನು ಓದಿದಾಗ ಅದು ಯಾರ ಮನೆಯ ಮಳೆಯೋ ತಿಳಿಯುವುದಿಲ್ಲ. ಇಷ್ಟೊಂದು ವ್ಯತ್ಯಾಸಕ್ಕೆ ಕಾರಣವೇನು?

ಉತ್ತರ (ಯಲಹಂಕದಿಂದ):
ಮುಂಗಾರಿಗೆ ಮುಂಚಿನ ಈ ಮಳೆ ಬಹುಪಾಲು ಸ್ಥಳೀಯವಾಗಿ ಹುಟ್ಟುವಂಥದ್ದು. ಹಗಲೆಲ್ಲ ಕಾದ ನೆಲದಿಂದ ಮೇಲೇರುವ ತೇವದ ಗಾಳಿ ಸಂಜೆಯ ಹೊತ್ತಿಗೆ ಹತ್ತು ಕಿಲೋಮೀಟರಿಗೂ ಎತ್ತರದ ಗುಡುಗು ಮೋಡವಾಗಿ ಬೆಳೆಯಬಹುದಾದರೂ, ಅಂಥ ಒಂದು ಮೋಡ ಒಮ್ಮೆಗೆ ಮಳೆ ಸುರಿಸುವ ನೆಲದ ಅಗಲ ಕೆಲವೇ ಕಿಲೋಮೀಟರು. ನೀವು ಹೇಳಿದ ಎರಡು ಊರುಗಳ ನಡುವೆ ನೇರ ದೂರವೇ ಸುಮಾರು 30 ಕಿ.ಮೀ. ಇದೆ. ಮಳೆಯ ಜೊತೆಗೆ ಕೆಳಗಿಳಿಯುವ ತಂಗಾಳಿ ನೆಲದ ಮೇಲೆ ಹರಡಿ, ಪಕ್ಕದ ಬಿಸಿಗಾಳಿಯನ್ನು ಮೇಲಕ್ಕೆತ್ತಿ ಹೊಸ ಮೋಡವನ್ನು ಹುಟ್ಟಿಸುವುದೂ ಉಂಟು. ಒಂದು ಬಡಾವಣೆಯಲ್ಲಿ ಮಳೆ ನಿಂತ ಮೇಲೆ ನೆರೆಯ ಬಡಾವಣೆಯಲ್ಲಿ ಶುರುವಾಗುವುದು ಹಲವು ಸಲ ಹೀಗೆಯೇ.

ಇನ್ನು ಅಂಕಿಯ ಮಾತು. ನಗರದ ಮಳೆಯೆಂದು ಸಾಮಾನ್ಯವಾಗಿ ಹೇಳುವುದು ಅರಮನೆ ರಸ್ತೆಯ ಹವಾಮಾನ ಕೇಂದ್ರದ ಅಳತೆಯನ್ನು. ಎಚ್‌ಎಎಲ್ ಮತ್ತು ದೇವನಹಳ್ಳಿಯ ವಿಮಾನ ನಿಲ್ದಾಣಗಳ ಅಳತೆಗಳು ಬೇರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ನಗರದ ಅನೇಕ ಭಾಗಗಳಲ್ಲಿ ಇರುವುದರಿಂದ, ನಿಮ್ಮ ಪ್ರದೇಶಕ್ಕೆ ಅವುಗಳ ಅಂಕಿಯನ್ನೇ ನೋಡುವುದು ಒಳ್ಳೆಯದು.

ಉತ್ತರ (ಮುಂಬಯಿಯಿಂದ):
2005ರ ಜುಲೈ 26ರಂದು ನಾನು ಫೋರ್ಟ್ ಭಾಗದ ಕಚೇರಿಯಲ್ಲಿದ್ದೆ. ಅದು ಮಾಮೂಲಿ ಮಳೆಯೆಂದೇ ಭಾವಿಸಿ ಹೊರಟವನಿಗೆ ಉಪನಗರಗಳು ಮುಳುಗಿರುವುದು ದಾರಿಯಲ್ಲಿ ತಿಳಿಯಿತು. ಆ ದಿನದ ಲೆಕ್ಕದಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ., ಕೊಲಾಬಾದಲ್ಲಿ ಬರೀ 73 ಮಿ.ಮೀ. ಮಳೆ ದಾಖಲಾಯಿತು. ಮುಂಗಾರಿನ ನಡುವೆಯೂ ಇಂಥ ಅಂತರ ಸಾಧ್ಯವೆಂಬುದನ್ನು ಕಣ್ಣಾರೆ ಕಂಡವನಾದ್ದರಿಂದ, ಇಂದಿಗೂ ಹೊರಡುವ ಮೊದಲು ಮನೆಯವರಿಗೆ ಫೋನ್ ಮಾಡಿ ಅಲ್ಲಿಯ ಮಳೆಯನ್ನು ವಿಚಾರಿಸುತ್ತೇನೆ.

ಉತ್ತರ (ಬೆಳ್ಳಂದೂರಿನಿಂದ):
ಮಳೆ ಬಿದ್ದ ಜಾಗವೂ ನೀರು ನಿಲ್ಲುವ ಜಾಗವೂ ಒಂದೇ ಆಗಿರಬೇಕಿಲ್ಲ. ಬೆಂಗಳೂರು ದಿಣ್ಣೆಯ ಮೇಲಿನ ಊರು. ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಹಂಚಿಹೋಗುತ್ತದೆ. ಕೋರಮಂಗಲದ ಕಡೆ ಜೋರಾಗಿ ಸುರಿದರೆ, ನಮ್ಮಲ್ಲಿ ಹನಿ ಬೀಳದಿದ್ದರೂ ಕೆರೆಯ ಮಟ್ಟ ಏರುತ್ತದೆ. ಹಾಗಾಗಿ ನಮ್ಮ ಮಾಪಕದ ಜೊತೆಗೆ ಮೇಲಿನ ಬಡಾವಣೆಗಳ ಅಂಕಿಯನ್ನೂ ನೋಡುವುದನ್ನು ನಾವು ರೂಢಿಸಿಕೊಂಡಿದ್ದೇವೆ.