3ನೇ ಕ್ರಾಸ್ ಸ್ಫೋಟ: ಮಂಗಳವಾರವೇ ವಾಸನೆ ಅಂತ ಬರೆದಿದ್ದೆ

ಮನೆ 22, ಮೇಲ್ಮನೆ (ಬೆಳಿಗ್ಗೆ 6:12)
ನಾಲ್ಕೂ ಮುಕ್ಕಾಲಿಗೆ ಮಂಚವೇ ಅಲುಗಾಡಿತು. ಕಿಟಕಿ ಗಾಜು ಪೂರ್ತಿ ಮಗಳ ಹಾಸಿಗೆ ಮೇಲೆ ಬಿದ್ದಿದೆ. ಅವಳಿಗೆ ಜ್ವರ ಅಂತ ರಾತ್ರಿ ನನ್ನ ಪಕ್ಕ ಮಲಗಿಸಿಕೊಂಡಿದ್ದೆ. ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಇನ್ನೂ ಕೈ ನಡುಗುತ್ತಿದೆ. ಎದುರು ಮನೆ ನೆಲಮಹಡಿಯ ಅಡುಗೆಮನೆ ಗೋಡೆ ರಸ್ತೆಗೆ ಬಿದ್ದಿದೆ. ಇಬ್ಬರು ಹುಡುಗರನ್ನು ವಿಕ್ಟೋರಿಯಾ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ಒಬ್ಬನ ಮುಖ, ಕೈ ಸುಟ್ಟಿದೆ. ಮಂಗಳವಾರ ನಮ್ಮ ಬೀದಿಯ ಇದೇ ವಾಟ್ಸಾಪ್ ಗುಂಪಿನಲ್ಲಿ ಮೆಟ್ಟಿಲ ಹತ್ತಿರ ಗ್ಯಾಸ್ ವಾಸನೆ ಬರುತ್ತಿದೆ ಅಂತ ಬರೆದಿದ್ದೆ. ಮೇಲೆ ಹೋಗಿ ನೋಡಿ. ಎರಡು ಹೆಬ್ಬೆರಳು, ಒಂದು ಕೈಮುಗಿದ ಚಿತ್ರ, ಅದರ ಕೆಳಗೆ ಹಲಸಿನ ತೊಳೆ ಮಾರಾಟಕ್ಕಿದೆ ಅಂತ ಇದೆ. ಒಬ್ಬರೂ ಬಾಗಿಲು ತೆರೆದು ಬಂದು ನೋಡಲಿಲ್ಲ. ನಾನೂ ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಲಿಲ್ಲ. ಆ ಸಂಕಟ ನನಗಿದೆ.

ಮನೆ 5, ಅಜ್ಜಿ (6:15)
ಮಗು ಹೇಗಿದೆ ತಾಯಿ? ಗಾಜು ಗುಡಿಸುವಾಗ ಚಪ್ಪಲಿ ಹಾಕಿಕೋ. ತಿಂಡಿ ನಾನು ಕಳಿಸುತ್ತೇನೆ, ಒಲೆ ಹಚ್ಚಲು ಹೋಗಬೇಡ.

ಹಳೇ ಅಧ್ಯಕ್ಷರು, ಮನೆ 9 (6:21)
ಯಾರೂ ಗಾಬರಿ ಆಗಬೇಡಿ. ನಾನು ಸ್ಥಳಕ್ಕೆ ಹೋಗಿ ನೋಡಿ ಬಂದಿದ್ದೇನೆ. ಸಿಲಿಂಡರ್ ನಿಂತ ಜಾಗದಲ್ಲೇ ನಿಂತಿದೆ. ಒಂದು ತಗ್ಗೂ ಬಿದ್ದಿಲ್ಲ. ಆದ್ದರಿಂದ ಇದು ಸಿಲಿಂಡರ್ ಅಲ್ಲ. ಹೋದ ವಾರ 2ನೇ ಕ್ರಾಸ್‌ನಲ್ಲಿ ಅಗೆದರಲ್ಲ, ಆ ಗ್ಯಾಸ್ ಪೈಪ್‌ಲೈನ್. ನಾನು ಅಂದೇ ಬೇಡ ಅಂದಿದ್ದೆ.

ಮನೆ 40 (6:24)
ಶುಭೋದಯ. ದಿನದ ಮಾತು: ನಗುವೇ ಸಂಪತ್ತು.

ಮನೆ 22, ಮೇಲ್ಮನೆ (6:25)
ಮನೆ 40, ದಯವಿಟ್ಟು ಇವತ್ತೊಂದು ದಿನ ಬೇಡ.

ಮೇಷ್ಟ್ರು, ಮನೆ 31 (6:38)
ಸಿಲಿಂಡರ್ ಗಟ್ಟಿಯಾಗಿದೆ ಅಂದ ಮಾತ್ರಕ್ಕೆ ಗ್ಯಾಸ್ ಅಲ್ಲ ಅಂತ ಆಗುವುದಿಲ್ಲ. ಸಿಲಿಂಡರ್ ಒಡೆಯುವುದು ಬೇರೆ, ಸೋರಿದ ಗ್ಯಾಸ್ ಸಿಡಿಯುವುದು ಬೇರೆ. ಪೈಪಿನಿಂದಲೋ ರೆಗ್ಯುಲೇಟರ್‌ನಿಂದಲೋ ರಾತ್ರಿಯಿಡೀ ಸೋರಿದರೆ ಅದು ಗಾಳಿಗಿಂತ ಭಾರ, ನೆಲದ ಮೇಲೆ ಹಾಸಿಕೊಂಡು ಕೂರುತ್ತದೆ. ಗಾಳಿಯಲ್ಲಿ ಸುಮಾರು ಶೇ 2 ಸೇರಿದರೆ ಸಾಕು, ಒಂದು ಕಿಡಿ ಕಾಯುತ್ತಿರುತ್ತದೆ. ನಮ್ಮ ಬೀದಿಯ ಅಡುಗೆಮನೆ ಎಂಟು ಅಡಿ, ಹತ್ತು ಅಡಿ, ಎತ್ತರ ಹತ್ತು. ನಾನು ಈಗ ಕೂತು ಲೆಕ್ಕ ಹಾಕಿದೆ. ಅಷ್ಟು ಜಾಗಕ್ಕೆ ಸುಮಾರು ಒಂದು ಕೆಜಿ ಗ್ಯಾಸ್ ಸಾಕು. ಸಿಲಿಂಡರ್‌ನಲ್ಲಿ ತುಂಬಿರುವುದು 14.2 ಕೆಜಿ. ಗೋಡೆ ಹೊರಗೆ ಬಿದ್ದಿದೆ, ಸಿಲಿಂಡರ್ ನಿಂತಿದೆ. ಎರಡೂ ಒಟ್ಟಿಗೆ ಆಗಬಹುದು.

ಮನೆ 18, ಮೇಲಿನ ರೂಮು (6:44)
ಸಾರ್, ಕಿಡಿ ಎಲ್ಲಿಂದ? ಇಬ್ಬರೂ ನಿದ್ದೆಯಲ್ಲಿದ್ದರಂತೆ. ಲೈಟ್ ಕೂಡ ಹಾಕಿರಲಿಲ್ಲ ಅಂತ ಆಂಬುಲೆನ್ಸ್‌ಗೆ ಹತ್ತಿಸುವಾಗ ಹೇಳಿದ.

ಮೇಷ್ಟ್ರು, ಮನೆ 31 (6:49)
ಫ್ರಿಡ್ಜ್. ಅದು ತನ್ನಷ್ಟಕ್ಕೆ ಆನ್ ಆಗುತ್ತದೆ, ಆಫ್ ಆಗುತ್ತದೆ. ಆಗ ಒಳಗೆ ಸಣ್ಣ ಕಿಡಿ ಹಾರಬಹುದು. ಅದಕ್ಕೇ ವಾಸನೆ ಬಂದಾಗ ಸ್ವಿಚ್ ಮುಟ್ಟಬೇಡಿ, ಫ್ಯಾನೂ ಹಾಕಬೇಡಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ ಅಂತ ಹೇಳುವುದು. ಇದೇ ಕಾರಣ ಅಂತ ನಾನು ತೀರ್ಪು ಕೊಡುತ್ತಿಲ್ಲ. ಫೊರೆನ್ಸಿಕ್‌ನವರು ಬಂದು ನೋಡಲಿ. ಅಲ್ಲಿಯವರೆಗೆ ಯಾರೂ ಆ ಮನೆಯ ಸಾಮಾನು ಎತ್ತಿಡಬೇಡಿ.

ಹಳೇ ಅಧ್ಯಕ್ಷರು, ಮನೆ 9 (6:52)
ಮೇಷ್ಟ್ರೇ, ಪುಸ್ತಕದ ಮಾತು ಬೇಡ. ಪೈಪ್‌ಲೈನ್ ಗ್ಯಾಸ್ ಮಣ್ಣಿನೊಳಗೆ ಹರಿದು ಚರಂಡಿಯಿಂದ ಮನೆಗೆ ನುಗ್ಗುತ್ತದೆ. ಅಗೆಯಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ಯಾರು? ಮೊದಲು ಅದು ಹೊರಗೆ ಬರಲಿ.

ಶೆಟ್ರು, ಮನೆ 14 (6:55)
ಸಹಿ ಹಾಕಿದ್ದು ನಾನು. ನಲವತ್ತು ಮನೆಯವರು ಕೈ ಎತ್ತಿದ ಮೇಲೆ ಹಾಕಿದ್ದು. ನೀವೂ ಎತ್ತಿದ್ದಿರಿ ಸ್ವಾಮಿ.

ಹಳೇ ಅಧ್ಯಕ್ಷರು, ಮನೆ 9 (6:56)
ನಾನು ಕೈ ಎತ್ತಿದ್ದು ಪ್ರಶ್ನೆ ಕೇಳಲಿಕ್ಕೆ.

ಮೇಷ್ಟ್ರು, ಮನೆ 31 (7:03)
ಅಧ್ಯಕ್ಷರ ಒಂದು ಮಾತು ನಿಜ. ಪೈಪ್ ಗ್ಯಾಸ್ ಸೋರಿದರೆ ಮಣ್ಣು, ಚರಂಡಿ, ಕೇಬಲ್ ಕೊಳವೆ ಹಿಡಿದು ದೂರ ಹೋಗಬಹುದು. ಆದರೆ 2ನೇ ಕ್ರಾಸ್ ಪೈಪಿಗೆ ಇನ್ನೂ ಗ್ಯಾಸ್ ಬಿಟ್ಟಿಲ್ಲ ಅಂತ ಕೆಲಸದವರೇ ಹೇಳಿದ್ದರು. ಅದನ್ನು ಬರವಣಿಗೆಯಲ್ಲಿ ಕೇಳೋಣ. ಪೈಪ್ ಗ್ಯಾಸ್ ಅಂದರೆ ಮೀಥೇನ್, ಗಾಳಿಗಿಂತ ಹಗುರ, ತಾರಸಿ ಕಡೆ ಏರುತ್ತದೆ. ಸಿಲಿಂಡರ್ ಗ್ಯಾಸ್ ಕೆಳಗೆ ಇಳಿಯುತ್ತದೆ. ಸುಟ್ಟ ಗುರುತು ಗೋಡೆಯ ಮೇಲ್ಭಾಗದಲ್ಲಿದೆಯಾ, ಕೆಳಭಾಗದಲ್ಲಿದೆಯಾ ಅಂತ ನೋಡುವವರಿಗೆ ಅದೂ ಒಂದು ಸುಳಿವು.

ನರ್ಸ್ ಅಕ್ಕ, ಮನೆ 11 (7:10)
ನನ್ನ ಡ್ಯೂಟಿ ಈಗ ಮುಗಿಯಿತು, ಅದಕ್ಕೆ ತಡ. ಮನೆ 22ರವರೇ, ಮಂಗಳವಾರ ನಾನೂ ಒಂದು ಹೆಬ್ಬೆರಳು ಒತ್ತಿದ್ದೆ. ಕ್ಷಮಿಸಿ.

ಮನೆ 27 (7:14)
ಎಲ್ಲರೂ ಗ್ಯಾಸ್ ಗ್ಯಾಸ್ ಅನ್ನುತ್ತಿದ್ದೀರಿ. ಆ ಹುಡುಗರ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ಮನೆಯೊಳಗೇ ಚಾರ್ಜಿಗೆ ಇತ್ತು. ನಾನು ಕಣ್ಣಾರೆ ನೋಡಿದ್ದೇನೆ. ಬ್ಯಾಚುಲರ್‌ಗಳಿಗೆ ಮನೆ ಕೊಟ್ಟರೆ ಇನ್ನೇನಾಗುತ್ತದೆ?

ಮನೆ 18, ಮೇಲಿನ ರೂಮು (7:17)
ಅಕ್ಕ, ಬ್ಯಾಚುಲರ್ ಆಗಿರುವುದು ತಪ್ಪಾ? ಸುಟ್ಟ ಹುಡುಗ ನನ್ನ ಜೊತೆ ಕ್ರಿಕೆಟ್ ಆಡುತ್ತಿದ್ದವನು. ಅವನ ಸ್ಕೂಟರ್ ಹೊರಗೇ ನಿಂತಿದೆ, ಬ್ಯಾಟರಿ ಅದರೊಳಗೇ ಇದೆ. ಫೋಟೋ ಹಾಕಿದ್ದೇನೆ ನೋಡಿ. ಅವನ ಅಮ್ಮ ಹಾಸನದಿಂದ ಬಸ್ಸಿನಲ್ಲಿ ಬರುತ್ತಿದ್ದಾರೆ. ಅವರು ಇಳಿದ ತಕ್ಷಣ ನಿಮ್ಮ ಈ ಮಾತು ಕೇಳಬೇಕಾ?

ನರ್ಸ್ ಅಕ್ಕ, ಮನೆ 11 (7:20)
ಆ ತಾಯಿಯನ್ನು ಆಸ್ಪತ್ರೆಗೆ ನಾನು ಕರೆದುಕೊಂಡು ಹೋಗುತ್ತೇನೆ. ನಂಬರ್ ಖಾಸಗಿಯಾಗಿ ಕಳಿಸು ತಮ್ಮಾ. ಉಳಿದವರು ಹುಡುಗರ ಬಗ್ಗೆ ಬಾಯಿಗೆ ಬಂದಂತೆ ಬರೆಯಬೇಡಿ.

ಮನೆ 40 (7:22)
ಫಾರ್ವರ್ಡ್: ಎಚ್ಚರಿಕೆ! ಮೊಬೈಲ್ ಅಡುಗೆಮನೆಗೆ ತಂದರೆ ಸಿಲಿಂಡರ್ ಸಿಡಿಯುತ್ತದೆ. 20 ಜನರಿಗೆ ಕಳಿಸಿ, ಜೀವ ಉಳಿಸಿ.

ಶೆಟ್ರು, ಮನೆ 14 (7:24)
ಹಾಗಿದ್ದರೆ ಬೀದಿಯಲ್ಲಿ ಒಂದು ಮನೆಯೂ ಉಳಿಯುತ್ತಿರಲಿಲ್ಲ. ನನ್ನ ಹೆಂಡತಿ ಫೋನು ಒಗ್ಗರಣೆ ಡಬ್ಬಿಗೆ ಒರಗಿಸಿಕೊಂಡೇ ಸಾರು ಮಾಡುತ್ತಾಳೆ.

ಮನೆ 22, ಮೇಲ್ಮನೆ (7:31)
ನಗಿಸಬೇಡಿ ಶೆಟ್ರೇ, ನಗು ಬರುತ್ತಿಲ್ಲ. ಎಲ್ಲರಿಗೂ ಗೊತ್ತಿರುವ, ಯಾರೂ ಹೇಳದ ವಿಷಯ ನಾನೇ ಹೇಳುತ್ತೇನೆ. ಮೂಲೆ ಅಂಗಡಿ. ಷಟರ್ ಅರ್ಧ ಎಳೆದುಕೊಂಡು ದೊಡ್ಡ ಸಿಲಿಂಡರ್‌ನಿಂದ ಚಿಕ್ಕ ಸಿಲಿಂಡರ್‌ಗೆ ಪೈಪ್ ಹಾಕಿ ಗ್ಯಾಸ್ ತುಂಬುತ್ತಾರೆ. ನನಗೆ ವಾಸನೆ ಬಂದಿದ್ದು ಆ ಕಡೆಯಿಂದಲೋ, ಎದುರು ಮನೆಯಿಂದಲೋ? ಅದು ಗೊತ್ತಾಗಬೇಕು.

ಮನೆ 27 (7:33)
ಅಂಗಡಿಯವರ ಹೊಟ್ಟೆ ಮೇಲೆ ಹೊಡೆಯಬೇಡಿ. ನೀವೂ ಅಲ್ಲೇ ಸಾಲ ಬರೆಸಿ ಹಾಲು ತರುತ್ತೀರಿ.

ಮನೆ 22, ಮೇಲ್ಮನೆ (7:34)
ಹೌದು, ತರುತ್ತೇನೆ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಮೇಷ್ಟ್ರು, ಮನೆ 31 (7:46)
2025ರ ಆಗಸ್ಟ್ 15 ನೆನಪಿದೆಯಾ? ವಿಲ್ಸನ್ ಗಾರ್ಡನ್ ಹತ್ತಿರ ಚಿನ್ನಯ್ಯನಪಾಳ್ಯದ ಸ್ಫೋಟ. ಬೆಳಿಗ್ಗೆ ಹೊತ್ತು, ಹತ್ತು ವರ್ಷದ ಹುಡುಗ ಹೋದ. ಇಕ್ಕಟ್ಟಾದ ಬೀದಿ, ಅಕ್ಕಪಕ್ಕದ ಮನೆಗಳೂ ಜಖಂ ಆದವು. 2021ರ ಸೆಪ್ಟೆಂಬರ್‌ನಲ್ಲಿ ನ್ಯೂ ತರಗುಪೇಟೆಯಲ್ಲಿ ಸ್ಫೋಟ ಆದಾಗ ಮೊದಲು ಜನ ಸಿಲಿಂಡರ್ ಅಂದರು. ಆಮೇಲೆ ನೋಡಿದರೆ ಕೂಡಿಟ್ಟಿದ್ದ ಪಟಾಕಿ. 2022ರ ಮಾರ್ಚ್‌ನಲ್ಲಿ ಜ್ಞಾನಭಾರತಿ ಕಡೆ ಟ್ರಾನ್ಸ್‌ಫಾರ್ಮರ್ ಸಿಡಿದು ಅಪ್ಪ, ಮಗಳು ಹೋದರು. ಸದ್ದು ಕೇಳಿ ಕಾರಣ ಹೇಳುವುದು ಯಾರಿಂದಲೂ ಆಗದು. ನನ್ನಿಂದಲೂ ಆಗದು. ಆದರೆ ನಮ್ಮ ನಮ್ಮ ಅಡುಗೆಮನೆ ನೋಡಿಕೊಳ್ಳಲು ಯಾರ ವರದಿಯೂ ಬೇಕಾಗಿಲ್ಲ ಅಲ್ವಾ?

ಹಳೇ ಅಧ್ಯಕ್ಷರು, ಮನೆ 9 (7:49)
ಟ್ರಾನ್ಸ್‌ಫಾರ್ಮರ್! ಈಗ ಹೇಳಿದಿರಿ ನೋಡಿ. ಪಾರ್ಕ್ ಮೂಲೆಯಲ್ಲಿರುವುದು ಮೂರು ತಿಂಗಳಿಂದ ಎಣ್ಣೆ ಕಾರುತ್ತಿದೆ. ನಾನು ಅಧ್ಯಕ್ಷನಾಗಿದ್ದಾಗ ಎರಡು ಸಲ ಪತ್ರ ಬರೆದಿದ್ದೆ. ಈಗಿನ ಕಮಿಟಿ ಏನು ಮಾಡಿದೆ?

ಅಡ್ಮಿನ್ (7:51)
ಟ್ರಾನ್ಸ್‌ಫಾರ್ಮರ್ ಇರುವುದು ಇನ್ನೂರು ಮೀಟರ್ ಆಚೆ. ಕರೆಂಟ್ ಕೂಡ ಹೋಗಿರಲಿಲ್ಲ ಸಾರ್.

ಹಳೇ ಅಧ್ಯಕ್ಷರು, ಮನೆ 9 (7:52)
ಅದು ಬೇರೆ ವಿಷಯ. ಪತ್ರಕ್ಕೆ ಉತ್ತರ ಎಲ್ಲಿ?

ಮನೆ 22, ಮೇಲ್ಮನೆ (8:05)
ನಾನು ಕೇಳುವುದು ಇಷ್ಟೇ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪ್ರತಿ ಮನೆಗೂ ಹೋಗೋಣ. ಕಿತ್ತಳೆ ಬಣ್ಣದ ಪೈಪಿನ ಮೇಲೆ ವರ್ಷ ಅಚ್ಚಾಗಿರುತ್ತದೆ, ಐದು ವರ್ಷ ದಾಟಿದ್ದರೆ ಬದಲಾಯಿಸಲಿ. ರೆಗ್ಯುಲೇಟರ್ ಕೂಡುವ ಜಾಗಕ್ಕೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಲಿ. ಸಿಲಿಂಡರ್ ಕುತ್ತಿಗೆ ಪಟ್ಟಿಯಲ್ಲಿ ಒಂದು ಅಕ್ಷರ, ಎರಡು ಅಂಕಿ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಜೂನ್‌ವರೆಗೆ, ಹಾಗೇ ಡಿ ತನಕ. ಅಂಕಿ ಅಂದರೆ ವರ್ಷ. ಆ ದಿನ ದಾಟಿದ ಸಿಲಿಂಡರ್ ಬಂದರೆ ವಾಪಸ್ ಕಳಿಸಿ. ಮೂಲೆ ಅಂಗಡಿಯವರ ಹತ್ತಿರ ನಾಲ್ಕು ಜನ ಹಿರಿಯರು ಹೋಗಿ ಮಾತಾಡಲಿ. ಬರುವವರು ಮನೆ ನಂಬರ್ ಹಾಕಿ.

ಮೇಷ್ಟ್ರು, ಮನೆ 31 (8:06)
31.

ನರ್ಸ್ ಅಕ್ಕ, ಮನೆ 11 (8:07)
11.

ಮನೆ 18, ಮೇಲಿನ ರೂಮು (8:07)
18. ನಮ್ಮ ರೂಮಿನದು ಈಗಲೇ ನೋಡಿದೆ. ಪೈಪಿನ ಮೇಲಿನ ಅಕ್ಷರ ಅಳಿಸಿಹೋಗಿದೆ, ಅಂದರೆ ಅಷ್ಟು ಹಳೆಯದು.

ಶೆಟ್ರು, ಮನೆ 14 (8:15)
ಒಳ್ಳೆ ಯೋಚನೆ. ಒಂದು ಮಾತು ಸೇರಿಸುತ್ತೇನೆ. ಸಿಲಿಂಡರ್ ಅಪಘಾತಕ್ಕೆ ವಿಮೆ ಇರುತ್ತದೆ, ನಾವು ಬೇರೆ ಹಣ ಕಟ್ಟಬೇಕಾಗಿಲ್ಲ. ಆದರೆ ಕನೆಕ್ಷನ್ ಯಾರ ಹೆಸರಲ್ಲಿದೆ, ಯಾವ ವಿಳಾಸದಲ್ಲಿದೆ ಅಂತ ಕೇಳುತ್ತಾರೆ. ಎದುರು ಮನೆಯದು ಹಳೇ ಬಾಡಿಗೆದಾರರ ಹೆಸರಲ್ಲೇ ಇದೆಯಂತೆ.

ಮನೆ 27 (8:17)
ಹಾಗಾದರೆ ಓನರ್‌ನ ಕರೆಸಿ. ಎಲ್ಲೋ ಕೂತು ಬಾಡಿಗೆ ಎಣಿಸುತ್ತಾರೆ, ಇಲ್ಲಿ ನಮ್ಮ ಗಾಜು ಒಡೆಯುತ್ತದೆ.

ಹಳೇ ಅಧ್ಯಕ್ಷರು, ಮನೆ 9 (8:19)
ಓನರ್ ಸಜ್ಜನರು. ಸಂಘದ ಚಂದಾ ಒಂದು ವರ್ಷವೂ ಬಾಕಿ ಇಟ್ಟವರಲ್ಲ. ಇಲ್ಲಿ ಬಾಕಿ ಇಟ್ಟವರ ಪಟ್ಟಿ ಹಾಕಲಾ?

ಮನೆ 33 (8:26)
ಚಂದಾ ಬಿಡಿ. ಫೈರ್ ಇಂಜಿನ್ ಎಲ್ಲಿ ನಿಂತಿತ್ತು ಅಂತ ಯಾರಾದರೂ ನೋಡಿದಿರಾ? ಮೇನ್ ರೋಡಿನಲ್ಲೇ. 3ನೇ ಕ್ರಾಸ್‌ಗೆ ಬರಲು ಜಾಗವೇ ಇರಲಿಲ್ಲ. ಎರಡೂ ಕಡೆ ಕಾರು. ಅಷ್ಟು ದೂರದಿಂದ ಪೈಪ್ ಎಳೆದುಕೊಂಡು ಓಡಿ ಬಂದರು. ಆ ಹುಡುಗನನ್ನು ಬೆಡ್‌ಶೀಟಿನಲ್ಲಿ ಎತ್ತಿಕೊಂಡು ಆಂಬುಲೆನ್ಸ್‌ವರೆಗೆ ಹೋದವರಲ್ಲಿ ನಾನೊಬ್ಬ. ದಾರಿಯಲ್ಲಿ ಒಂದು ಬಿಳಿ ಕಾರು ಅಡ್ಡ ನಿಂತಿತ್ತು, ನಾವು ಸುತ್ತಿ ಬಳಸಿ ಹೋಗಬೇಕಾಯಿತು.

ಮನೆ 22, ಮೇಲ್ಮನೆ (8:27)
ಅಯ್ಯೋ.

ಶೆಟ್ರು, ಮನೆ 14 (8:29)
ಬಿಳಿ ಕಾರು ನಮ್ಮದಲ್ಲ. ನಮ್ಮದು ಬೂದು ಬಣ್ಣ.

ಹಳೇ ಅಧ್ಯಕ್ಷರು, ಮನೆ 9 (8:31)
ಬಿಳಿ ಕಾರು ನನ್ನ ಅಳಿಯನದು. ರಾತ್ರಿ ತಡವಾಗಿ ಬಂದರು, ಬೇರೆ ಜಾಗ ಇರಲಿಲ್ಲ. ಏಕೆ ಇರಲಿಲ್ಲ? ಎರಡೆರಡು ಕಾರು ಇಟ್ಟುಕೊಂಡವರು ಇದ್ದಾರೆ. ಇದು ಇವತ್ತೇ ತೀರ್ಮಾನ ಆಗಬೇಕು. ಒಂದು ಮನೆಗೆ ಒಂದೇ ಕಾರು, ಸ್ಟಿಕ್ಕರ್, ರಸ್ತೆಗೆ ಬಿಳಿ ಗೆರೆ.

ಮನೆ 27 (8:33)
ಒಪ್ಪಿದೆ. 27.

ಮನೆ 40 (8:33)
40.

ಮನೆ 6 (8:34)
6. ಒಂದು ಕಡೆ ಮಾತ್ರ ಪಾರ್ಕಿಂಗ್ ಮಾಡಿ, ಸಮ ದಿನ ಎಡಕ್ಕೆ, ಬೆಸ ದಿನ ಬಲಕ್ಕೆ.

ಮನೆ 33 (8:35)
33. ಟೇಪ್ ನಾನು ತರುತ್ತೇನೆ.

ಅಡ್ಮಿನ್ (8:52)
ಹದಿನೇಳು ಮನೆ ಒಪ್ಪಿವೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಾರ್ಕಿಂಗ್ ಮೀಟಿಂಗ್, ಗಣಪತಿ ದೇವಸ್ಥಾನದ ಮುಂದೆ.

ಮೇಷ್ಟ್ರು, ಮನೆ 31 (8:54)
ಭಾನುವಾರ ಹತ್ತಕ್ಕೆ ಗ್ಯಾಸ್ ಪೈಪ್ ನೋಡುವುದು ಅಂತ ಇತ್ತಲ್ಲ?

ಅಡ್ಮಿನ್ (8:55)
ಅದನ್ನು ಮುಂದಿನ ವಾರ ಇಟ್ಟುಕೊಳ್ಳೋಣ ಸಾರ್. ಮೂರೇ ಮನೆ ಹೆಸರು ಕೊಟ್ಟಿರುವುದು.

ನರ್ಸ್ ಅಕ್ಕ, ಮನೆ 11 (ಸಂಜೆ 5:40)
ಹುಡುಗನ ಅಮ್ಮ ಬಂದಿದ್ದಾರೆ. ಅವನು ಮಾತಾಡುತ್ತಿದ್ದಾನೆ. ಮುಖದ ಗಾಯ ವಾಸಿಯಾಗುತ್ತದೆ ಅಂದಿದ್ದಾರೆ, ಕೈಗೆ ಸಮಯ ಬೇಕು. ಯಾರಾದರೂ ರಾತ್ರಿ ಊಟ ತಲುಪಿಸಬಹುದಾ?

ಮನೆ 5, ಅಜ್ಜಿ (5:41)
ಅನ್ನ, ತಿಳಿಸಾರು ಕಟ್ಟಿಟ್ಟಿದ್ದೇನೆ. ಯಾರಾದರೂ ಬಂದು ತೆಗೆದುಕೊಂಡು ಹೋಗಿ.

ಮನೆ 18, ಮೇಲಿನ ರೂಮು (5:41)
ಬಂದೆ ಅಜ್ಜಿ.

ಮನೆ 22, ಮೇಲ್ಮನೆ (7:15)
ನಮ್ಮ ಮನೆ ಪೈಪಿನ ಮೇಲೆ 2017 ಅಂತ ಇತ್ತು. ಹೊಸದು ಹಾಕಿಸಿದೆ. ಅಜ್ಜಿ ಮನೆಯದೂ ನೋಡಿದೆ, ಅಲ್ಲಿ ರೆಗ್ಯುಲೇಟರ್ ಹತ್ತಿರ ಗುಳ್ಳೆ ಎದ್ದಿತು. ಆಫ್ ಮಾಡಿಸಿ 1906ಕ್ಕೆ ಹೇಳಿದ್ದೇನೆ. ಬೇರೆ ಯಾರಾದರೂ ನೋಡಿಕೊಂಡಿರಾ?

ಶೆಟ್ರು, ಮನೆ 14 (7:32)
ಭಾನುವಾರಕ್ಕೆ ಸುಣ್ಣದ ಪುಡಿ ಯಾರು ತರುತ್ತೀರಿ? ನಮ್ಮ ಗೇಟಿನ ಮುಂದೆ ಗೆರೆ ಬೇಡ, ಮೊದಲೇ ಹೇಳಿದ್ದೇನೆ.