ಪಾಲಿಶ್ ಹತ್ತುತ್ತಲೇ ಇಲ್ಲ. ಮಷೀನ್ ಮಾರಿಬಿಡಲೇ?

ಹರಳುಹುಚ್ಚ: ಹರಳು ಕಡೆಯಲು ಕೂತು ಮೂರು ಭಾನುವಾರ ಹಾಳಾಯಿತು. 600, 1200, 3000 ನಂಬರಿನ ಉಜ್ಜುವಿಕೆ ಎಲ್ಲ ಸರಿಯಾಗೇ ಆಯಿತು. ಪಾಲಿಶ್‌ಗೆ ಬಂದರೆ ಜಪ್ಪಯ್ಯ ಅಂದರೂ ಹೊಳಪು ಬರುತ್ತಿಲ್ಲ. ಪಾಲಿಶ್ ಪುಡಿ ಸೀರಿಯಂ ಹಾಕಿದೆ, ಅಲ್ಯೂಮಿನಾ ಹಾಕಿದೆ. ಮಷೀನ್ ಚೀನಾದ ಅಗ್ಗದ್ದು. ಮಾಸ್ಟ್ (ಕಲ್ಲಿನ ಕೋನ ಹಿಡಿಯುವ ಕಂಬ) ಇರುವ ಒಳ್ಳೆಯದು ತಗೊಳ್ಳಲೇ? ಪುಸ್ತಕ ಇದ್ದರೆ ಅದನ್ನೂ ಹೇಳಿ, ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ. ಕಲ್ಲು ಒಳ್ಳೆಯದೇ.

ಸಾಣೆಭಟ್ಟ: ಲ್ಯಾಪ್ (ಕಲ್ಲು ಉಜ್ಜುವ ತಿರುಗುವ ಬಿಲ್ಲೆ) ಕೊಳೆಯಾಗಿದೆ. 600ರ ಒಂದು ಕಣ ಪಾಲಿಶ್ ಲ್ಯಾಪ್ ಮೇಲೆ ಕೂತರೆ ಕಥೆ ಮುಗಿಯಿತು. ಡಾಪ್ (ಕಲ್ಲು ಅಂಟಿಸುವ ಕಡ್ಡಿ), ಉಗುರಿನ ಸಂದು, ತಟ್ಟೆ ಎಲ್ಲ ತೊಳೆಯಿರಿ. ಮಷೀನ್ ಬಯ್ಯಬೇಡಿ.

ಹರಳುಹುಚ್ಚ: ತೊಳೆದೆ. ಹೊಸ ಲ್ಯಾಪ್ ಕೂಡ ತಂದೆ. ಅದೇ ಕಥೆ.

ಸಾಣೆಭಟ್ಟ: ಹಾಗಾದರೆ ಹೊಸ ಲ್ಯಾಪೂ ಕೊಳೆಯಾಯಿತು. ನೀರು ಯಾವುದು? ಬೋರ್‌ವೆಲ್ ತಾನೇ?

ಕೋನಮಾಪಕ: ಭಟ್ಟರೇ, ಬೋರ್ ನೀರಿನ ಸುಣ್ಣದ ಗಡಸುತನ 3. ಕ್ವಾರ್ಟ್ಸ್‌ದು 7. ಸುಣ್ಣ ಕಲ್ಲನ್ನು ಗೀರುವುದು ಹೇಗೆ?

ಸಾಣೆಭಟ್ಟ: ಸುಣ್ಣ ಬಿಡಿ ಸ್ವಾಮಿ. ಸಂಪಿನ ತಳದ ಮರಳು? ಅದು ಕ್ವಾರ್ಟ್ಸೇ ಅಲ್ವಾ?

ಕೋನಮಾಪಕ: ಸಂಪಿನ ತಳದಿಂದ ನೀರು ತೋಡಿ ಹರಳು ಕಡೆಯೋರು ಯಾರ್ರೀ?

ಡಾಲಸ್ ಕನ್ನಡಿಗ: ನನ್ನ ಹತ್ತಿರ ಅಲ್ಟ್ರಾಟೆಕ್ ಮಷೀನ್ ಇದೆ. 8 ಇಂಚಿನ ಲ್ಯಾಪ್, ಮುಖ ಎಣಿಸಿ ಕೂರಿಸುವ 96 ಹಲ್ಲಿನ ಗೇರ್. ಪಾಲಿಶ್‌ಗೆ ತವರದ ಲ್ಯಾಪ್ ಮೇಲೆ 60,000 ನಂಬರಿನ ವಜ್ರದ ಪುಡಿ. ನನಗಂತೂ ಈ ತೊಂದರೆ ಬಂದೇ ಇಲ್ಲ. ಹೋದ ವಾರ ಹಾಸನದ ಕಡೆಯ ಒಂದು ಗಾರ್ನೆಟ್ ಕೂಡ ಮುಗಿಸಿದೆ, ನಾಲ್ಕು ಎಳೆ ನಕ್ಷತ್ರ ಮೂಡುತ್ತದೆ.

ಕೋನಮಾಪಕ: ನಕ್ಷತ್ರ ಮೂಡಬೇಕಾದರೆ ಗುಮ್ಮಟದ ಹಾಗೆ ಉಜ್ಜಬೇಕು. ಅದು ಕ್ಯಾಬೊಶಾನ್. ಅದಕ್ಕೆ 96 ಹಲ್ಲಿನ ಗೇರ್ ಯಾತಕ್ಕೆ?

ಡಾಲಸ್ ಕನ್ನಡಿಗ: ಸುಮ್ನೆ ಹೇಳಿದೆ.

ಪುಟ್ಟತಾಯಿ: ನಾನು ತಡವಾಗಿ ನೋಡಿದೆ. ಹುಚ್ಚರೇ, ಎರಡೇ ಪ್ರಶ್ನೆ. ಹೊಳಪು ಬರದೇ ಇರುವುದು ಎಲ್ಲ ಫೇಸೆಟ್‌ಗಳಿಗಾ (ಕಡೆದ ಮುಖಗಳು), ಒಂದಕ್ಕಾ? ಮತ್ತೆ, ಕಲ್ಲು ಯಾವುದು?

ಹರಳುಹುಚ್ಚ: ಟೇಬಲ್‌ಗೆ (ಮೇಲಿನ ದೊಡ್ಡ ಮುಖಕ್ಕೆ) ಮಾತ್ರ, ಹೇಳಿದ್ದೆನಲ್ಲ. ಕೆಳಗಿನವೆಲ್ಲ ಕನ್ನಡಿ. ಕಲ್ಲು ಅಕ್ವಾಮರೀನ್ (ತಿಳಿನೀಲಿ ಹರಳು), ತಮಿಳುನಾಡಿನ ಕಾಂಗೇಯಂ ಕಡೆಯದು ಅಂತ ಕೊಟ್ಟರು. ರಫ್‌ನಲ್ಲೇ (ಕಡೆಯದ ಕಲ್ಲಿನಲ್ಲೇ) ಒಂದು ಕಡೆ ನುಣ್ಣಗೆ ಚಪ್ಪಟೆ ಇತ್ತು. ಕಲ್ಲು ಉಳಿಯುತ್ತೆ ಅಂತ ಅದನ್ನೇ ಟೇಬಲ್ ಮಾಡಿಕೊಂಡೆ.

ಪುಟ್ಟತಾಯಿ: ಟೇಬಲ್‌ಗೆ ಮಾತ್ರ ಅಂತ ನೀವು ಎಲ್ಲೂ ಹೇಳಿರಲಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ನೋಡಿ ಹೇಳಿ, ಅದು ಗೀರಾ, ಇಲ್ಲಾ ಪದರವಾ?

ಹರಳುಹುಚ್ಚ: ನೋಡಿದೆ. ಗೀರಲ್ಲ. ಹಪ್ಪಳ ಸುಟ್ಟಾಗ ಏಳುತ್ತಲ್ಲ, ಹಾಗೆ ಸಣ್ಣ ಸಣ್ಣ ಚಕ್ಕೆ ಎದ್ದಿದೆ. ಒಂದು ಮೂಲೆಯಲ್ಲಿ ಒಳಗೇ ಕಾಮನಬಿಲ್ಲಿನ ಬಣ್ಣ.

ಪುಟ್ಟತಾಯಿ: ಅದು ಟೋಪಾಜ್ ಇರಬೇಕು. ಟೋಪಾಜ್ ಒಂದು ದಿಕ್ಕಿನಲ್ಲಿ ಕಾಗೆಬಂಗಾರದ ಹಾಗೆ ಸೀಳುತ್ತದೆ. ಆ ಚಪ್ಪಟೆ ಮುಖ ಸೀಳಿದ ಮುಖವೇ. ಅದಕ್ಕೆ ಸಮನಾಗಿ ಟೇಬಲ್ ಇಟ್ಟರೆ ನೀವು ಪಾಲಿಶ್ ಮಾಡುತ್ತಿಲ್ಲ, ಪದರ ಬಿಚ್ಚುತ್ತಿದ್ದೀರಿ. ಕೆಳಗಿನ ಫೇಸೆಟ್‌ಗಳು ಓರೆಯಾಗಿವೆ, ಅದಕ್ಕೇ ಅವು ಹೊಳೆದವು. ಅದೇ ರಫ್‌ನ ಇನ್ನೊಂದು ತುಂಡು ಇದೆಯಾ? ಒಣಗಿದ್ದಾಗ ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ದಾರ ಕಟ್ಟಿ ತುಂಡನ್ನು ಮುಳುಗಿಸಿ. ತಳ ಮುಟ್ಟಬಾರದು. ಮೊದಲಿನ ತೂಕವನ್ನು ಈಗ ಬಂದ ಅಂಕಿಯಿಂದ ಭಾಗಿಸಿ, ಸಾಂದ್ರತೆ ಬರುತ್ತದೆ. ಅಕ್ವಾಮರೀನ್ ಆದರೆ 2.7ರ ಆಸುಪಾಸು, ಟೋಪಾಜ್ ಆದರೆ 3.5.

ಸಾಣೆಭಟ್ಟ: ಆದರೂ ಲ್ಯಾಪ್ ಒಂದು ಸಲ ನೋಡಿ.

ಹರಳುಹುಚ್ಚ: 4.23 ಗ್ರಾಂ. ನೀರಿನಲ್ಲಿ 1.20. ಅಂದರೆ 3.5. ಕೊಟ್ಟವನಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ.

ಕೋನಮಾಪಕ: ನೀಲಿ ಟೋಪಾಜ್ ಬಹುಪಾಲು ಬಣ್ಣವಿಲ್ಲದ ಕಲ್ಲಿಗೆ ವಿಕಿರಣ ಕೊಟ್ಟು, ಕಾಯಿಸಿ ಮಾಡಿದ್ದು. ಅಕ್ವಾ ರೇಟ್ ಕೊಟ್ಟಿದ್ದರೆ ಜಾಸ್ತಿಯೇ ಕೊಟ್ಟಿದ್ದೀರಿ.

ಹರಳುಹುಚ್ಚ: ಗೊತ್ತಾಯಿತು ಬಿಡಿ. ಈಗ ಇದನ್ನು ಉಳಿಸುವುದು ಹೇಗೆ?

ಪುಟ್ಟತಾಯಿ: ಟೇಬಲ್ ಸೀಳಿನಿಂದ 5ರಿಂದ 10 ಡಿಗ್ರಿ ಓರೆ ಇರಬೇಕು. ಅಂದರೆ ಇಡೀ ಕಲ್ಲನ್ನು ವಾಲಿಸಿ ಡಾಪ್ ಮಾಡಿ, ಕೆಳಭಾಗವನ್ನೂ ಮೊದಲಿನಿಂದ ಕಡೆಯಬೇಕು. ಕಲ್ಲು ಸಣ್ಣದಾಗುತ್ತದೆ. ಮಷೀನ್ ಬದಲಾಯಿಸಬೇಡಿ, ಕೆಳಗೆ ಕನ್ನಡಿ ತಂದದ್ದು ಅದೇ ಮಷೀನ್ ತಾನೇ? ಪುಸ್ತಕ ಅಂದರೆ ವರ್ಗಾಸ್ ದಂಪತಿ ಬರೆದ ‘ಫೇಸೆಟಿಂಗ್ ಫಾರ್ ಅಮೆಚೂರ್ಸ್’ ಹುಡುಕಿ, ಹಳೆಯ ಪ್ರತಿ ಸಾಕು. ಮುಂದಿನ ಕಲ್ಲು ಕ್ವಾರ್ಟ್ಸ್ ಮಾಡಿ. ಅಗ್ಗ, ಸೀಳುವ ಕಾಟ ಇಲ್ಲ. ಕೆಳಗಿನ ಮುಖಗಳ ಕೋನ 42, 43 ಡಿಗ್ರಿ ಇಡಿ. 40ಕ್ಕೆ ಇಳಿಸಿದರೆ ನಡುವೆ ಕಿಟಕಿ ಬಿದ್ದು ಆಚೆಯ ಬೆರಳು ಕಾಣುತ್ತದೆ.

ಡಾಲಸ್ ಕನ್ನಡಿಗ: ನಾನು 43ರಲ್ಲೇ ಇಡುವುದು. ಫೋಟೋ ಹಾಕುತ್ತೇನೆ, ಹದಿನಾಲ್ಕು ಇವೆ.

ಹೊಸಬ: ಅಣ್ಣ, ಹಾಗಾದರೆ ಮಷೀನ್ ಮಾರುತ್ತೀರಾ, ಇಲ್ವಾ?